ಪರದೆಗೆ ಕ್ಷೌರ

ನಮ್ಮ ದೊಡ್ಡಬಳ್ಳಾಪುರದಲ್ಲಿ ಪರಿಚಿತರಿಬ್ಬರು ಎದುರಾದರೆ ಪರಸ್ಪರ ಮುಖ ನೋಡುವುದು ಎರಡನೆಯ ಕೆಲಸ. ಮೊದಲ ಕೆಲಸವನ್ನು ಬಲಗೈ ತಾನಾಗಿಯೇ ವಹಿಸಿಕೊಳ್ಳುತ್ತದೆ. ಅದು ಯಜಮಾನನ ಅಪ್ಪಣೆಗೂ ಕಾಯದೆ ಎದುರಿನವರ ಅಂಗಿಯ ತೋಳಿನತ್ತ ಸರಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಬಟ್ಟೆಯ ಒಂದು ಅಂಚನ್ನು ಹಿಡಿದು, ನಶ್ಯದ ಚಿಟಿಕೆಯನ್ನು ತಿಕ್ಕುವಷ್ಟೇ ನವಿರಾಗಿ ತಿಕ್ಕತೊಡಗುತ್ತದೆ. ಕುಶಲಪ್ರಶ್ನೆ ಆಮೇಲೆ ಬರುತ್ತದೆ. ಅದೂ ಅನೇಕ ವೇಳೆ ಅಂಗಿಯನ್ನು ಕುರಿತೇ ಇರುತ್ತದೆ. ಮಗ್ಗದ ಊರಿನ ಈ ಚಟವನ್ನು ನಾನು ಬಸ್ ನಿಲ್ದಾಣದಲ್ಲಿ, ಸಾವಿನ ಮನೆಯಲ್ಲಿ, ಒಮ್ಮೆಯಂತೂ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಅನುಭವಿಸಿದ್ದೇನೆ. ಆ ವೈದ್ಯರ ತಂದೆ ನೇಯುತ್ತಿದ್ದವರಂತೆ. ಹಲ್ಲು ಕೀಳುವ ಮೊದಲು ನನ್ನ ಕಾಲರನ್ನು ತಿಕ್ಕಿ ನೋಡಿ, "ಇದ್ರಲ್ಲಿ ಪಾಲಿಯೆಸ್ಟರ್ ಜಾಸ್ತಿ ಐತೆ ಸಾರ್" ಎಂದು ಅನುಕಂಪದಿಂದ ಹೇಳಿ, ಆಮೇಲೆ ಇಕ್ಕಳ ಎತ್ತಿಕೊಂಡರು.

ನಾನು ಈ ಊರಿನವನಲ್ಲ. ಹೊಸಕೋಟೆ ಕಡೆಯ ಸಮೇತನಹಳ್ಳಿಯವನು. ನಮ್ಮಲ್ಲಿ ಬಟ್ಟೆಯೆಂದರೆ ಮೈ ಮುಚ್ಚುವ ವಸ್ತು. ಹರಿದರೆ ಒರೆಸುವ ವಸ್ತು. ಅದರಾಚೆಗೆ ವಸ್ತ್ರಕ್ಕೆ ಒಂದು ಅಂತರಂಗವಿದೆಯೆಂಬುದು ನಮ್ಮ ಮನೆತನದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಮಾವನವರಾಗಲಿದ್ದ ನಂಜುಂಡಪ್ಪನವರು ನನ್ನ ಸಂಬಳ ಕೇಳಲಿಲ್ಲ, ಗೋತ್ರ ಕೇಳಲಿಲ್ಲ. ಪಕ್ಕದಲ್ಲಿ ಕುಳಿತು ನನ್ನ ಹೊಸ ಅಂಗಿಯ ತೋಳನ್ನು ಎರಡು ಬೆರಳಿನಿಂದ ತಿಕ್ಕಿ, ಎಲ್ಲಿ ಕೊಂಡದ್ದೆಂದು ವಿಚಾರಿಸಿ, "ಚೆನ್ನಾಗಿ ಟೋಪಿ ಹಾಕವ್ರೆ ನಿಮ್ಗೆ" ಎಂದು ತೀರ್ಪು ಕೊಟ್ಟರು. ಸಂಬಂಧ ಮುರಿದುಬಿತ್ತೆಂದೇ ನಾನು ತಿಳಿದಿದ್ದೆ. ಇಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳುವ ಗಂಡು ತಮ್ಮ ಮಗಳಿಗೆ ಹೇಳಿ ಮಾಡಿಸಿದಂತಿದ್ದಾನೆಂದು ಅವರು ಅಲ್ಲೇ ನಿಶ್ಚಯಿಸಿದ್ದರೆಂಬುದು ಮದುವೆಯಾದ ಮೇಲೆ ತಿಳಿಯಿತು.

ಬಾಡಿಗೆ ಮನೆ ಸಿಗುವ ತನಕ ಒಂದೆರಡು ತಿಂಗಳು ಇರೋಣವೆಂದು ಮಾವನ ಮನೆ ಹೊಕ್ಕವನು ನಾನು. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನೂ ಆದೆ; ಆ ಬಾಡಿಗೆ ಮನೆಯನ್ನು ಇನ್ನೂ ಹುಡುಕುತ್ತಿದ್ದೇನೆ. ನಾನು ಬಂದ ಹೊಸದರಲ್ಲಿ ಮನೆಯ ಹಿಂಭಾಗದಲ್ಲಿ ಎರಡು ವಿದ್ಯುತ್ ಮಗ್ಗಗಳಿದ್ದವು. ಅವುಗಳ ಸದ್ದಿನಲ್ಲಿ ಗಂಡ ಹೆಂಡತಿ ಜಗಳವಾಡಬೇಕೆಂದರೆ ಇಬ್ಬರೂ ಬೀದಿಗೆ ಬರಬೇಕಿತ್ತು, ಬೀದಿಗೆ ಬಂದು ಆಡಲು ನಾಚಿಕೆಯಾದ್ದರಿಂದ ನಮ್ಮ ದಾಂಪತ್ಯ ಅತ್ಯಂತ ಸಾಮರಸ್ಯದಿಂದ ಕೂಡಿತ್ತು. ಈಗ ಆ ಮಗ್ಗಗಳಿಲ್ಲ. ಆ ಜಾಗದಲ್ಲಿ ನನ್ನ ಹೆಂಡತಿ ಪದ್ಮ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ, ಸೋಫಾದ ಹೊದಿಕೆ ಹೊಲಿಯುತ್ತಾಳೆ. ಮಾವನವರಿಗೆ ಎಂಬತ್ತರ ಹತ್ತಿರ. ಕಾಫಿಯ ಲೋಟ ಹಿಡಿದರೆ ಕೈ ನಡುಗುತ್ತದೆಂದು ಯಾರೂ ಅವರಿಗೆ ಯಾವ ಕೆಲಸವನ್ನೂ ಹೇಳುವುದಿಲ್ಲ. ದಿನವಿಡೀ ಜಗಲಿಯ ಮೇಲೆ ಕುಳಿತು, ಹೆಗಲ ಮೇಲಿನ ಟವೆಲಿನ ಅಂಚನ್ನು ಎರಡು ಬೆರಳುಗಳ ನಡುವೆ ಸುಮ್ಮನೆ ತಿಕ್ಕುತ್ತಿರುತ್ತಾರೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು. ಆದರೆ ಏನು ಮಾಡಬೇಕೆಂದು ತಿಳಿಯದೆ ನಾನು ಪತ್ರಿಕೆಯನ್ನು ಇನ್ನಷ್ಟು ಅಗಲವಾಗಿ ಬಿಡಿಸಿ ಓದುತ್ತಿದ್ದೆ.

ಹೀಗಿರುವಾಗ ದೇವನಹಳ್ಳಿಯಿಂದ ಒಬ್ಬ ಮುಖ್ಯೋಪಾಧ್ಯಾಯಿನಿ ಬಂದರು. ವಿಜಯಾ ಮೇಡಂ ಎಂದು ಹೆಸರು. ಹೊಸ ಮನೆ ಕಟ್ಟಿಸಿದ್ದರು, ಮುಂದಿನ ಶುಕ್ರವಾರ ಗೃಹಪ್ರವೇಶ. ಅವರ ಸೋದರಮಾವ ರಾಮಣ್ಣನವರು ಒಂದು ಕಾಲದಲ್ಲಿ ನಮ್ಮ ಬೀದಿಯಲ್ಲೇ ಮಗ್ಗ ಓಡಿಸಿದವರಾಗಿದ್ದು, ಪದ್ಮಳ ಹೆಸರು ಹೇಳಿ ಕಳಿಸಿದ್ದರು. ಮೇಡಂ ಬೆಂಗಳೂರಿನ ಅಂಗಡಿಯೊಂದರಲ್ಲಿ ತಾವೇ ಆರಿಸಿದ ಬಟ್ಟೆಯನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದರು. ಆರು ಕಿಟಕಿ, ಆರು ಪರದೆ. ಅಂಗಡಿಯಲ್ಲಿ ಆ ಬಟ್ಟೆ ಅಷ್ಟೇ ಉಳಿದಿತ್ತಂತೆ. ಪದ್ಮಳಿಗೆ ಊರಾಚೆಯಿಂದ ಬಂದ ಮೊದಲ ಕೆಲಸ ಇದು. ಇದು ಸರಿಹೋದರೆ ಆ ಬಡಾವಣೆಯ ಅಷ್ಟೂ ಕಿಟಕಿಗಳಿಗೆ ತಾನೇ ಬಟ್ಟೆ ತೊಡಿಸಬಹುದೆಂದು ಅವಳ ಆಸೆ. ಕೆಟ್ಟರೆ, ದೊಡ್ಡಬಳ್ಳಾಪುರದವರಿಗೆ ಸೀರೆ ಬಿಟ್ಟು ಬೇರೇನೂ ತಿಳಿಯದೆಂದು ಅಲ್ಲಿ ಮಾತಾಗುತ್ತದೆಂದು ಅವಳ ಭಯ.

ಆ ಬಟ್ಟೆಯನ್ನು ನಿಮಗೆ ಸ್ವಲ್ಪ ವರ್ಣಿಸಬೇಕು. ಹಾಲಿನ ಕೆನೆಯ ಬಣ್ಣದ ಶುದ್ಧ ಹತ್ತಿ. ನಯವಿಲ್ಲ, ಕೈಯಾಡಿಸಿದರೆ ಸಣ್ಣ ಸಣ್ಣ ಏರು, ಸಣ್ಣ ಸಣ್ಣ ಇಳುಕಲು. ಸಾಲದ್ದಕ್ಕೆ, ನಾಲ್ಕು ಬೆರಳಿಗೊಂದರಂತೆ ಪುಟ್ಟ ಪುಟ್ಟ ಕುಚ್ಚುಗಳು, ಈಗ ತಾನೇ ಮೀಸೆ ಮೂಡುತ್ತಿರುವ ಹುಡುಗರ ಮೇಲ್ದುಟಿಯಂತೆ, ಬಟ್ಟೆಯ ಮೈಯಿಂದ ಹೊರಗಿಣುಕಿದ್ದವು. ಇದಕ್ಕೆ ಟೆಕ್ಸ್ಚರ್ ಕಾಟನ್ ಅನ್ನುತ್ತಾರೆಂದು ಪದ್ಮ ಹೇಳಿದಳು. ಕನ್ನಡ ಮೇಷ್ಟರ ಮನೆಯಲ್ಲಿ ಕನ್ನಡದ ಹೆಸರಿಲ್ಲದ ಬಟ್ಟೆಯೊಂದು ಬೀಡುಬಿಟ್ಟರೆ ಹೇಗೆ ಎಂದು ನಾನು ಅರ್ಧ ದಿನ ಆಲೋಚಿಸಿ, ಸ್ಪರ್ಶವೈಚಿತ್ರ್ಯಕಾರ್ಪಾಸ ಎಂಬ ಪದವನ್ನು ಸೃಷ್ಟಿಸಿ ಅಡುಗೆಮನೆಗೆ ಹೋಗಿ ಘೋಷಿಸಿದೆ. ಪದ್ಮ ಒಗ್ಗರಣೆಯಿಂದ ತಲೆಯೆತ್ತದೆ, "ಗುಂಜು ಬಟ್ಟೆ ಅನ್ನಿ, ಸಾಕು" ಎಂದಳು. ನನ್ನ ಪದಸೃಷ್ಟಿಗಳೆಲ್ಲ ಆ ಅಡುಗೆಮನೆಯ ಬಾಗಿಲಲ್ಲೇ ಅಸುನೀಗಿವೆ.

ಬಟ್ಟೆಯನ್ನು ಆರು ತುಂಡಾಗಿ ಕತ್ತರಿಸಿ, ಮಡಿಸಿ, ಮೇಜಿನ ಮೇಲಿಟ್ಟು, ಶನಿವಾರ ಬೆಳಗ್ಗೆ ಪದ್ಮ ಚಿಕ್ಕಮ್ಮನ ಮಗಳ ಮದುವೆಗೆಂದು ಹೊಸಕೋಟೆಗೆ ಹೊರಟಳು. ಸೋಮವಾರ ಬರುವುದಿತ್ತು. ನನಗೆ ಮಂಡಿನೋವೆಂಬ ನೆಪವಿತ್ತು. ಮಾವನವರಿಗೆ ನಾನೆಂಬ ನೆಪವಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಬಟ್ಟೆ ಮಾತ್ರ ಯಾರೂ ಮುಟ್ಬೇಡಿ" ಎಂದು ಇಬ್ಬರಿಗೂ ಕೇಳುವಂತೆ ಹೇಳಿದಳು. ಮುಟ್ಟಬಾರದೆಂದು ಹೇಳಿದರೆ ಈ ಊರಿನ ಬೆರಳುಗಳಿಗೆ ಏನಾಗುತ್ತದೆಂದು ಇಲ್ಲೇ ಹುಟ್ಟಿ ಬೆಳೆದ ಅವಳಿಗೆ ತಿಳಿದಿರಬೇಕಿತ್ತು.

ಬಸ್ಸು ಇನ್ನೂ ನಿಲ್ದಾಣ ಬಿಟ್ಟಿತ್ತೋ ಇಲ್ಲವೋ, ಹಿಂದಿನ ಕೋಣೆಯಿಂದ ಮಾವನವರು ಕೂಗಿದರು. ಹೋಗಿ ನೋಡಿದರೆ ಒಂದು ಪರದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮನೆಯವರಿಗೇನೋ ಆಪತ್ತು ಬಂದವರ ಮುಖ ಮಾಡಿಕೊಂಡು ನಿಂತಿದ್ದಾರೆ.

"ಅಳಿಯಂದ್ರೆ, ಇದಕ್ಕೆ ಕಟಿಂಗೇ ಮಾಡಿಲ್ವಲ್ಲ."

ಕಟಿಂಗ್ ಎಂದರೇನೆಂದು ಹೇಳಿಬಿಡುತ್ತೇನೆ. ಸೀರೆಯಲ್ಲಿ ಬುಟ್ಟಾ ಹೂಗಳನ್ನು ನೇಯುವಾಗ ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವ ಎಳೆಗಳು ಬಟ್ಟೆಯ ಹಿಂಬದಿಯಲ್ಲಿ ಜೋತಾಡುತ್ತ ಉಳಿಯುತ್ತವೆ. ಮಗ್ಗದಿಂದ ಇಳಿಸಿದ ಮೇಲೆ ಅವನ್ನೆಲ್ಲ ಪುಟ್ಟ ಕತ್ತರಿಯಿಂದ ಒಪ್ಪವಾಗಿ ಕತ್ತರಿಸಿ ತೆಗೆಯಬೇಕು. ಆ ಕೆಲಸ ಆಗದ ಸೀರೆ ತಲೆ ಬಾಚದೆ ಶಾಲೆಗೆ ಬಂದ ಮಗು; ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾವನವರ ಬದುಕೆಲ್ಲ ಅಂಥ ಎಳೆಗಳನ್ನು ಕಂಡುಹಿಡಿದು ತೆಗೆಯುವುದರಲ್ಲಿ ಕಳೆದಿತ್ತು. ಈಗ ನೋಡಿದರೆ, ಬಟ್ಟೆಯ ಮುಂಬದಿಯಲ್ಲೇ, ರಾಜಾರೋಷವಾಗಿ ಎಳೆಗಳು ನಿಂತಿವೆ. ಯಾರೋ ಅರೆಗೆಲಸದ ಬಟ್ಟೆಯನ್ನು ಆ ಮೇಡಂಗೆ ಕಟ್ಟಿದ್ದಾರೆ, ನಾಳೆ ಹೆಸರು ಕೆಡುವುದು ಮಾತ್ರ ನಮ್ಮ ಹುಡುಗಿಯದು ಎಂದು ಅವರು ಕಂಗಾಲಾಗಿದ್ದರು.

ಪದ್ಮ ಮುಟ್ಟಬೇಡಿ ಎಂದಿದ್ದಾಳಲ್ಲ ಎಂದು ನಾನು ನೆನಪಿಸಿದೆ. ಅದಕ್ಕೂ ಅವರಲ್ಲಿ ವ್ಯಾಖ್ಯಾನವಿತ್ತು. "ಕೊಳೆ ಆಗತ್ತೆ ಅಂತ ಹಂಗಂದವ್ಳೆ. ಕೈ ತೊಳ್ಕೊಂಡ್ ಮುಟ್ಟೋಣ ಬಿಡಿ."

ಇಲ್ಲಿ ನಾನು ತಡೆದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ತಡೆಯಲಿಲ್ಲ. ಏಕೆಂದರೆ ಮೂವತ್ತು ವರ್ಷ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಆಡಿಸಿದ ನನಗೂ ತಪ್ಪು ಕಂಡರೆ ಅಂಗೈ ನವೆಯುತ್ತದೆ; ಮದುವೆಯ ಕರೆಯೋಲೆಯನ್ನು ತಿದ್ದಿ ವಾಪಸು ಕಳಿಸಿ ಒಂದಿಬ್ಬರು ನಂಟರನ್ನು ಕಳೆದುಕೊಂಡವನು ನಾನು. ಮಾವನವರು ಬಟ್ಟೆ ಹಿಡಿದರು. ನಾನು ಹೊಲಿಗೆಯ ಸೀಮೆಸುಣ್ಣ ತೆಗೆದುಕೊಂಡು ಪ್ರತಿಯೊಂದು ಕುಚ್ಚಿನ ಸುತ್ತ ದುಂಡಗೆ ಒಂದು ವೃತ್ತ ಎಳೆದೆ. ಅಷ್ಟೊಂದು ತಪ್ಪುಗಳನ್ನು ಒಂದೇ ಹಾಳೆಯಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಮಾಡಿರಲಿಲ್ಲ. ಬಹಳ ತೃಪ್ತಿಯಾಯಿತು.

ಮಾವನವರು ಟ್ರಂಕಿನ ತಳದಿಂದ ತಮ್ಮ ಪುಟ್ಟ ಕತ್ತರಿ ತೆಗೆದು, ಎಣ್ಣೆ ಹಚ್ಚಿ, ಕಿಟಕಿಯ ಕೆಳಗೆ ಕುಳಿತರು. ಲೋಟ ಹಿಡಿದರೆ ನಡುಗುವ ಆ ಕೈ ಕತ್ತರಿ ಹಿಡಿದಾಗ ನಡುಗಲಿಲ್ಲ. ಕಚ್ ಎಂದರೆ ಒಂದು ಕುಚ್ಚು ಬುಡಮಟ್ಟ ಹೋಗುತ್ತಿತ್ತು, ಬಟ್ಟೆಗೆ ಗೀರೂ ಇಲ್ಲ. ನಡುನಡುವೆ ಹಳೆಯ ಮಗ್ಗದ ಕಥೆಗಳನ್ನು ಹೇಳಿದರು, ಒಂದೆರಡು ಸಲ ನಕ್ಕರು, ಮಧ್ಯಾಹ್ನ ಎರಡು ಮುದ್ದೆ ಉಂಡರು. ಶನಿವಾರಕ್ಕೆ ಒಂದು ಪರದೆ, ಭಾನುವಾರಕ್ಕೆ ಇನ್ನೊಂದು; ಎರಡೂ ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಹೊಸ ಮದುವೆ ಗಂಡುಗಳಂತೆ ಮಡಿಕೆಯಲ್ಲಿ ಕುಳಿತವು. ಎಷ್ಟೋ ವರ್ಷಗಳಿಂದ ಅವರನ್ನು ಅಷ್ಟು ಸಂತೋಷವಾಗಿ ನಾನು ಕಂಡಿರಲಿಲ್ಲ, ನನಗೂ ಸಂತೋಷವಾಗಿತ್ತು.

ಸೋಮವಾರ ಮಧ್ಯಾಹ್ನ, ಮೂರನೆಯ ಪರದೆಗೆ ನಾನು ಸೀಮೆಸುಣ್ಣ ಮುಟ್ಟಿಸುವಷ್ಟರಲ್ಲಿ ಪದ್ಮ ಬಂದಳು. ಮಾವನವರು ಹೆಮ್ಮೆಯಿಂದ, "ನೋಡವ್ವ, ಎರಡು ಕ್ಲೀನಾಗಿ ಮಾಡ್ಬಿಟ್ಟಿದೀನಿ. ನಿಮ್ಮ ಮೇಡಂಗೆ ಯಾವನೋ ಮೋಸ ಮಾಡವ್ನೆ" ಎಂದರು.

ಪದ್ಮ ಪರದೆಯನ್ನು ಬಿಡಿಸಿ ನೋಡಿದಳು. ಕೂಗಾಡಲಿಲ್ಲ. ಕೈಚೀಲವನ್ನು ನೆಲಕ್ಕಿಟ್ಟು, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತಳು. "ಅಪ್ಪ, ಆ ಕುಚ್ಚಿಗೋಸ್ಕರನೇ ಅವ್ರು ಈ ಬಟ್ಟೆ ತಗೊಂಡಿದ್ದು. ಅದೇ ಡಿಸೈನು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೇನ್ ಮಾಡ್ತಿದ್ರಿ ಆಗ?" ಎಂದು ಕೇಳಿದಳು. ನನ್ನ ಬಲಗೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು.

ಬೆಂಗಳೂರಿನ ಅಂಗಡಿಗೆ ಫೋನು ಮಾಡಿದ್ದಾಯಿತು. ಆ ಬಟ್ಟೆ ಇಲ್ಲ, ಇನ್ನು ಬರುವುದೂ ಇಲ್ಲ ಎಂದರು. ಮಾವನವರು ಕತ್ತರಿಯನ್ನು ಒರೆಸಿ ಟ್ರಂಕಿನಲ್ಲಿಟ್ಟು, ಜಗಲಿಗೆ ಹೋಗಿ ಕುಳಿತರು. ಟವೆಲಿನ ಅಂಚನ್ನು ತಿಕ್ಕಲೂ ಇಲ್ಲ, ಕೈಗಳನ್ನು ತೊಡೆಯ ಮೇಲೆ ಅಂಗಾತ ಹಾಕಿಕೊಂಡು ಅವು ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತಿದ್ದರು. ಪದ್ಮಳ ಶುಕ್ರವಾರ ಹಾಳಾದದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ಅದನ್ನು ಕಂಡು.

ಸುಮಾರು ಒಂದು ಗಂಟೆ ಹಾಗೆಯೇ ಕುಳಿತಿದ್ದವರು ಎದ್ದು ಒಳಗೆ ಬಂದು, ಒಂದು ಪ್ಲಾಸ್ಟಿಕ್ ಕವರನ್ನು ಮಗಳ ಮುಂದಿಟ್ಟರು. ಅದರ ತುಂಬ ಕತ್ತರಿಸಿದ ಕುಚ್ಚುಗಳು. ನೇಯುವವರ ಮನೆಯಲ್ಲಿ ಎಳೆ ಎಸೆಯುವ ಪದ್ಧತಿಯಿಲ್ಲ. ಆದರೆ ಅವು ಒಂದೊಂದೂ ಅಕ್ಕಿಕಾಳಿಗಿಂತ ಚಿಕ್ಕವು, ಮತ್ತೆ ನೆಡುವಂತಿರಲಿಲ್ಲ. "ಬಣ್ಣಕ್ಕೆ ಇಟ್ಕೋ" ಎಂದರು ಮಾವ. "ಇದೇ ಬಣ್ಣದ ನೂಲು ಹುಡ್ಕಿ ತಂದ್ರೆ, ಕಿತ್ತಿರೋ ನಾನೇ ವಾಪಸ್ ನೆಟ್ಕೊಡ್ತೀನಿ."

ನಾನು ಲೆಕ್ಕ ಹಾಕಿದೆ. ಎರಡು ಪರದೆಗೆ ಸಾವಿರದ ಇನ್ನೂರರ ಹತ್ತಿರ ಕುಚ್ಚು. ಈ ಸಂಖ್ಯೆಯನ್ನು ನಾನು ಜೋರಾಗಿ ಹೇಳಬಾರದಿತ್ತು. ಪದ್ಮ ಒಮ್ಮೆ ಕಣ್ಣು ಮುಚ್ಚಿ ತೆರೆದು, ಗೋಡೆಯಾಚೆಯ ಮನೆಯ ಮುಮ್ತಾಜರನ್ನು ಕರೆದಳು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ನಮ್ಮ ಬೀದಿಗೇ ಹೆಸರಾದವರು ಅವರು. ಬಂದು, ಬಟ್ಟೆ ನೋಡಿ, ನಡೆದದ್ದನ್ನು ಕೇಳಿ, ಸೆರಗನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅಲುಗಾಡಿದರು. ಆಮೇಲೆ, "ಆಗೋಯ್ತಲ್ಲ ಪದ್ಮಕ್ಕ, ಬಿಡಿ. ತಾತಂಗೂ ಸಾರ್‌ಗೂ ಒಂದೊಂದ್ ಸೂಜಿ ಕೊಡಿ" ಎಂದರು.

ಮಗ್ಗದ ಊರಿನಲ್ಲಿ ಆ ಬಣ್ಣದ ನೂಲಿಗೆ ಬರವಿರಲಿಲ್ಲ; ಮಂಗಳವಾರ ಬೆಳಗ್ಗೆ ಕೆಲಸ ಶುರುವಾಯಿತು. ವಿಧಾನ ಮಾವನವರದು: ಕತ್ತರಿಸಿದಲ್ಲಿ ಉಳಿದಿದ್ದ ಚುಕ್ಕೆಯೇ ಗುರುತು, ಮೂರು ಎಳೆಗಳ ಅಡಿಯಲ್ಲಿ ಸೂಜಿ ತೂರಿಸಿ, ಹಿಂದಕ್ಕೆ ತಂದು, ಮತ್ತೊಮ್ಮೆ ಅಲ್ಲೇ ತೂರಿಸಿದರೆ ಗಂಟಿಲ್ಲದೆಯೇ ನಿಲ್ಲುತ್ತದೆ, ಎರಡು ತುದಿಗಳನ್ನು ಅಕ್ಕಿಕಾಳಿನಷ್ಟು ಬಿಟ್ಟು ಕತ್ತರಿಸಬೇಕು. ಪರದೆಯ ನಾಲ್ಕು ಮೂಲೆಗೆ ನಾಲ್ವರು ಕುಳಿತೆವು. ಮಾವನವರೂ ಮುಮ್ತಾಜರೂ ಪೈಪೋಟಿಯ ಮೇಲೆ ಸೂಜಿ ಓಡಿಸಿದರು. ನಾನು ಮೊದಲ ಅರ್ಧ ಗಂಟೆ ಸೂಜಿಯ ಕಣ್ಣಿಗೂ ನನ್ನ ಕಣ್ಣಿಗೂ ಸಂಧಾನ ಮಾಡಿಸುವುದರಲ್ಲಿ ಕಳೆದು, ಆಮೇಲೆ ಏಕಾಗ್ರಚಿತ್ತನಾಗಿ ನಲವತ್ತು ಕುಚ್ಚು ನೆಟ್ಟು, ಕಾಫಿಗೆಂದು ಗಂಭೀರವಾಗಿ ಎದ್ದು ನಿಂತರೆ, ಪರದೆಯೂ ನನ್ನೊಂದಿಗೆ ಎದ್ದು ನಿಂತಿತು. ನಲವತ್ತನ್ನೂ ನಾನು ನನ್ನ ಪಂಚೆಗೆ ಸೇರಿಸಿಯೇ ನೆಟ್ಟಿದ್ದೆ. ಪದ್ಮ ಆ ಎರಡು ದಿನಗಳಲ್ಲಿ ಮೊದಲ ಬಾರಿಗೆ ನಕ್ಕದ್ದು ಆಗ. ಪಂಚೆಯಿಂದ ನನ್ನನ್ನು ಬಿಡಿಸಲಾಯಿತೋ, ಪಂಚೆಯನ್ನು ಪರದೆಯಿಂದ ಬಿಡಿಸಲಾಯಿತೋ ಎಂಬುದನ್ನು ನಾನು ಇಲ್ಲಿ ವಿವರಿಸುವುದಿಲ್ಲ.

ಮರುದಿನ ನನ್ನನ್ನು ಮೇಜಿನ ಮೇಲೆ, ಪಂಚೆಗೆ ಎಟುಕದ ಎತ್ತರದಲ್ಲಿ ಕೂರಿಸಿದರು. ಸೂಜಿ ಆಡಿಸುತ್ತ ಕುಳಿತಾಗ ನನಗೆ ಅಕಾರಣವಾಗಿ ರಾಜಘಟ್ಟದಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ನೆನಪಾದಳು. ಪ್ರಬಂಧದಲ್ಲಿ ಅವಳು, "ನಮ್ಮಜ್ಜಿ ಬಿಸ್ಲಾಗೆ ಕುಂತ್ಕಂಡು ನೂಲು ಸುತ್ತೋಳು" ಎಂದು ಬರೆದಿದ್ದಳು. ನಾನು ಅಡಿಗೆರೆ ಎಳೆದು, "ನನ್ನ ಅಜ್ಜಿಯು ಬಿಸಿಲಿನಲ್ಲಿ ಕುಳಿತು ನೂಲನ್ನು ಸುತ್ತುತ್ತಿದ್ದಳು" ಎಂದು ತಿದ್ದಿದ್ದೆ. ಆ ಅಜ್ಜಿ ಎದ್ದು ಹೋಗಿ, ಅವಳ ಜಾಗದಲ್ಲಿ ವ್ಯಾಕರಣಬದ್ಧಳಾದ ಯಾರೋ ಅಪರಿಚಿತ ಮಹಿಳೆ ಬಂದು ಕುಳಿತಿದ್ದಳೆಂಬುದು ನನಗೆ ತಿಳಿದದ್ದು ಈಗ, ಮೇಜಿನ ಮೇಲೆ, ಸೂಜಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದಾಗ. ಎಷ್ಟು ಹಾಳೆಗಳಿಗೆ ನಾನು ಹೀಗೆ ನುಣ್ಣಗೆ ಕ್ಷೌರ ಮಾಡಿರಬಹುದು. ಬಟ್ಟೆಗಾದರೋ ಅದರ ಕುಚ್ಚು ವಾಪಸು ಸಿಕ್ಕಿತು. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು.

ಬುಧವಾರ ಸಂಜೆಗೆ ಕೊನೆಯ ಕುಚ್ಚು ನೆಟ್ಟಾಯಿತು. ಗುರುವಾರ ಪದ್ಮ ಅಂಚು ಹೊಲಿದು, ದೇವನಹಳ್ಳಿಗೆ ಒಯ್ದು, ಆರನ್ನೂ ತೂಗುಹಾಕಿದಳು. ಮುಚ್ಚಿಡುವುದು ಅವಳಿಗೆ ಒಗ್ಗದು; ನಡೆದದ್ದನ್ನೆಲ್ಲ ಮೇಡಂಗೆ ಹೇಳಿಬಿಟ್ಟಳು. ಮೇಡಂ ಗಾಬರಿಯಿಂದ ಕಿಟಕಿ ಕಿಟಕಿಗೂ ಹೋಗಿ ಹುಡುಕಿ ಹುಡುಕಿ, ಕೊನೆಗೆ, "ಯಾವೆರಡು?" ಎಂದು ಕೇಳಿದರಂತೆ. ಇದನ್ನು ಕೇಳಿ ಪದ್ಮಳಿಗೆ ಹೋದ ಜೀವ ಬಂದಿತು. ಮಾವನವರಿಗೂ ನನಗೂ ಮಾತ್ರ ಸ್ವಲ್ಪ ಬೇಸರವಾಯಿತು. ಎರಡು ದಿನ ಬೆನ್ನು ಮುರಿದುಕೊಂಡದ್ದು ಯಾರಿಗೂ ಕಾಣಿಸದಿದ್ದರೆ ಹೇಗೆ.

ಶುಕ್ರವಾರ ಗೃಹಪ್ರವೇಶಕ್ಕೆ ಎಲ್ಲರೂ ಹೋದೆವು. ಊಟವಾದ ಮೇಲೆ ಹಜಾರದಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ, ಮೇಡಂ ಅವರ ಸೋದರಮಾವ ರಾಮಣ್ಣನವರು ಕಿಟಕಿಯ ಬಳಿ ಹೋದರು. ನಿರೀಕ್ಷೆಯಂತೆ ಬಲಗೈ ತಾನೇ ಮೇಲೆದ್ದಿತು, ಪರದೆಯ ಅಂಚು ಹೆಬ್ಬೆರಳು ತೋರುಬೆರಳಿನ ನಡುವೆ ಸೇರಿತು. ಅವರ ಹುಬ್ಬು ಗಂಟಿಕ್ಕಿತು.

"ಏನ್ ನಂಜುಂಡಣ್ಣ, ಕಟಿಂಗೇ ಮಾಡಿಲ್ವಲ್ಲ ಇದಕ್ಕೆ" ಎನ್ನುತ್ತ ಅವರು ಜೇಬಿಗೆ ಕೈ ಹಾಕಿ ಪುಟ್ಟದೊಂದು ಕತ್ತರಿ ತೆಗೆದರು. ಮಗ್ಗ ಬಿಟ್ಟರೂ ಅದನ್ನು ಬಿಟ್ಟಿರಲಿಲ್ಲ.

ಮಂಡಿಯ ಮೇಲೆ ಕೈಯೂರಿ ಏಳುವ ನಮ್ಮ ಮಾವನವರು ಆ ದಿನ ಎದ್ದ ವೇಗವನ್ನು ನಾನು ಎಂದೂ ಮರೆಯಲಾರೆ. ಹೋಗಿ ರಾಮಣ್ಣನವರ ಮಣಿಕಟ್ಟು ಹಿಡಿದರು. "ಬಿಡಪ್ಪ. ಅದು ತಪ್ಪಲ್ಲ. ಇರೋದೇ ಹಂಗೆ."

ರಾಮಣ್ಣನವರಿಗೆ ನಂಬಿಕೆ ಬರಲಿಲ್ಲ. ಮತ್ತೆ ಬೆರಳಾಡಿಸಿದರು, ಪಕ್ಕದ ಪರದೆ ಮುಟ್ಟಿದರು, ಅದರ ಪಕ್ಕದ್ದು ಮುಟ್ಟಿದರು, ಹಿಂದಕ್ಕೆ ಬಂದು ಮೊದಲನೆಯದನ್ನೇ ಹಿಡಿದು ಕಣ್ಣು ಮುಚ್ಚಿದರು. "ಇದೂ ಇದರ ಪಕ್ಕದ್ದೂ ಮಿಷನ್ನಿದಲ್ಲ. ಕೈಕೆಲಸ. ಯಾರ್ದು?"

ಮಾವನವರು "ನಂದೇ" ಎಂದರು. ಮುಮ್ತಾಜರ ಹೆಸರನ್ನೂ ಸೇರಿಸಿದರು. ಪಂಚೆಯ ಪ್ರಕರಣದ ದೆಸೆಯಿಂದ ನನ್ನ ಹೆಸರು ಬರಲಿಲ್ಲ. ಬಾಗಿಲಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದ ಪದ್ಮ ಅದನ್ನು ಕೇಳಿಸಿಕೊಂಡಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ಯಾವ ಹೊಸ ಬಟ್ಟೆ ಬಂದರೂ ಕತ್ತರಿಸುವ ಮೊದಲು ಅದು ಜಗಲಿಗೆ ಹೋಗುತ್ತದೆ. "ಅಪ್ಪ, ಇದು ಹೆಂಗಿದೆ ಸ್ವಲ್ಪ ನೋಡು" ಎಂದು ಅವರ ಮಡಿಲಲ್ಲಿಟ್ಟು ಬರುತ್ತಾಳೆ, ಕತ್ತರಿಯನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ.

ಪರದೆಗಳಿಂದ ಉಳಿದ ಚೂರುಪಾರು ಬಟ್ಟೆಯನ್ನು ಮೇಡಂ ನಮಗೇ ಬಿಟ್ಟರು. ಶಿಕ್ಷೆಯಾಗಿಯೋ ಪ್ರೀತಿಯಿಂದಲೋ, ಪದ್ಮ ಅದನ್ನು ಜೋಡಿಸಿ ನನಗೊಂದು ಜುಬ್ಬಾ ಹೊಲಿದಳು. ತೊಟ್ಟರೆ ಆಗಷ್ಟೇ ಪುಕ್ಕ ಬಂದ ಕೋಳಿಮರಿಯಂತೆ ಕಾಣುತ್ತೇನೆ. ಮೊನ್ನೆ ಮತ್ತೊಂದು ಹಲ್ಲಿನ ಸಲುವಾಗಿ ಅದೇ ವೈದ್ಯರಲ್ಲಿಗೆ ಅದನ್ನೇ ತೊಟ್ಟು ಹೋಗಿದ್ದೆ. ಬಾಯಿಯ ತುಂಬ ಹತ್ತಿಯ ಉಂಡೆ ತುರುಕಿ ಮಲಗಿಸಿ, ಅವರು ಎಂದಿನಂತೆ ನನ್ನ ಕಾಲರಿನತ್ತ ಕೈ ಚಾಚಿ, ಎರಡು ಬೆರಳಿನಿಂದ ತಿಕ್ಕಿ, "ಕಾಟನ್ನೇನೋ ಒಳ್ಳೇದು ಸಾರ್, ಆದ್ರೆ ಕಟಿಂಗೇ ಮಾಡ್ಸಿಲ್ವಲ್ಲ" ಎನ್ನುತ್ತ ಪಕ್ಕದ ತಟ್ಟೆಯಿಂದ ಚಿಮಟ ಎತ್ತಿಕೊಂಡರು. ನನಗೆ ಮಾತನಾಡುವಂತಿರಲಿಲ್ಲ. ಮಾವನವರು ಹಿಡಿದಂತೆಯೇ ಅವರ ಮಣಿಕಟ್ಟನ್ನು ಹಿಡಿದು, ಇಲ್ಲವೆಂದು ತಲೆಯಾಡಿಸಿ, ಬಾಯೊಳಗಿನ ಹಲ್ಲನ್ನು ತೋರಿಸಿದೆ.